ಶಬ್ದಶೋಧನೆಯ ಆಟಗಳಲ್ಲಿ ಕಟ್ಟಳೆಯ ಬಿಗಿ ಮತ್ತು ಸಡಿಲ

ಒಬ್ಬನ ಮನಸ್ಸಿನಲ್ಲಿರುವ ಶಬ್ದವನ್ನು ಅವನು ಬಾಯಿಬಿಟ್ಟು ಹೇಳದೆ, ಬೇರೆ ಮಾತಿನ ಸೂಚನೆಯಿಂದಲೇ ಇನ್ನೊಬ್ಬನು ಕಂಡುಹಿಡಿಯುವ ಆಟ ನಮ್ಮ ನಾಡಿನಲ್ಲಿ ಬಹು ಹಳೆಯದು. ಒಗಟು, ಒಡಪು, ಮುಂಡಿಗೆ, ಪ್ರಹೇಲಿಕೆ ಎಂದು ಅದಕ್ಕೆ ಹಲವು ಹೆಸರುಗಳುಂಟು. ಮೇಲುನೋಟಕ್ಕೆ ಇದು ಕೇಳುವವನಿಗೂ ಬಿಡಿಸುವವನಿಗೂ ನಡೆಯುವ ಪೈಪೋಟಿಯಂತೆ ಕಾಣುತ್ತದೆ. ಒಳಹೊಕ್ಕು ನೋಡಿದರೆ ಇಬ್ಬರೂ ಕೂಡಿಯೇ ಆಡುವ ಆಟವಿದು. ಯಾರಿಂದಲೂ ಬಿಡಿಸಲಾಗದ ಒಗಟನ್ನು ಎರಡನೆಯ ಸಲ ಯಾರೂ ಕೇಳುವುದಿಲ್ಲ. ಇಂತಹ ಆಟದಲ್ಲಿ ಕಟ್ಟಳೆ ಎಷ್ಟು ಬಿಗಿಯಾಗಿರಬೇಕು, ಎಷ್ಟು ಸಡಿಲವಾಗಿರಬಹುದು? ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಮಾರಂಡಹಳ್ಳಿಯಂತಹ ಗಡಿಯ ಊರಿನಲ್ಲಿ ಈ ಪ್ರಶ್ನೆ ಬರಿಯ ವಿನೋದದ್ದಲ್ಲ, ನುಡಿಯ ಉಳಿವಿಗೂ ಸಂಬಂಧಪಟ್ಟದ್ದು. ಆದುದರಿಂದ ಇದರ ಇತಿಹಾಸವನ್ನು ಉಪಾಧ್ಯಾಯ ಬಂಧುಗಳ ಮುಂದೆ ಸಂಕ್ಷೇಪವಾಗಿ ಇಡಲು ಇಚ್ಛಿಸುತ್ತೇವೆ.

ಈ ಬಗೆಯ ಸಹಕಾರಕ್ಕೆ ಮಹಾಭಾರತದ ಆದಿಪರ್ವದಲ್ಲಿ ಒಂದು ಉಜ್ವಲ ನಿದರ್ಶನವಿದೆ. ಪಾಂಡವರು ವಾರಣಾವತಕ್ಕೆ ಹೊರಟಾಗ ವಿದುರನು ಜನರ ನಡುವೆಯೇ ಧರ್ಮರಾಯನಿಗೆ ಗೂಢವಾಗಿ ಎಚ್ಚರಿಕೆ ಕೊಡುತ್ತಾನೆ. ಲೋಹದಿಂದ ಮಾಡದ ಆಯುಧದ ಮಾತನ್ನಾಡುತ್ತಾನೆ. ಒಣಹುಲ್ಲನ್ನು ನಾಶಮಾಡಿದರೂ ಬಿಲದೊಳಗಿನ ಜೀವಿಯನ್ನು ಮುಟ್ಟಲಾರದ ವಸ್ತುವೊಂದರ ಮಾತನ್ನಾಡುತ್ತಾನೆ. ಬೆಂಕಿ ಎಂಬ ಶಬ್ದವನ್ನು ನೇರವಾಗಿ ನುಡಿದಿದ್ದರೆ ಗುಟ್ಟು ಬಯಲಾಗುತ್ತಿತ್ತು. ಅತಿಯಾಗಿ ಮುಚ್ಚಿ ಹೇಳಿದ್ದರೆ ಪಾಂಡವರು ಅರಗಿನ ಮನೆಯಲ್ಲಿ ಬೂದಿಯಾಗುತ್ತಿದ್ದರು. ಧರ್ಮರಾಯನು ತನಗೆ ತಿಳಿಯಿತೆಂದಷ್ಟೇ ಉತ್ತರ ಕೊಟ್ಟನು. ಪಕ್ಕದಲ್ಲಿದ್ದ ಕುಂತಿಗೆ ಅರ್ಥವಾಗದೆ ಅವಳು ಆಮೇಲೆ ಕೇಳಿ ತಿಳಿಯಬೇಕಾಯಿತು. ಮುಚ್ಚುವುದು ಎಷ್ಟು, ತೆರೆಯುವುದು ಎಷ್ಟು ಎಂಬ ಹದವೇ ಈ ವಿದ್ಯೆಯ ಜೀವಾಳ.

ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ಪ್ರಹೇಲಿಕೆಯೂ ಒಂದು. ಅದಕ್ಕೆ ಶಾಸ್ತ್ರದ ಚೌಕಟ್ಟನ್ನು ಕೊಟ್ಟವರಲ್ಲಿ ಮುಖ್ಯನಾದವನು ಕಂಚಿಯ ಪಲ್ಲವರ ಆಸ್ಥಾನದೊಡನೆ ಸಂಬಂಧವಿದ್ದ ದಂಡಿ. ಅವನ ‘ಕಾವ್ಯಾದರ್ಶ’ವು ಕ್ರಿ. ಶ. 850ರ ಸುಮಾರಿಗೆ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ಕ್ಕೂ ಆಧಾರವಾಯಿತು, ಮುಂದೆ ತಮಿಳಿನ ‘ದಂಡಿಯಲಂಕಾರಂ’ ಕೃತಿಗೂ ಮೂಲವಾಯಿತು. ಹೀಗೆ ಗಡಿಯ ಎರಡು ಮಗ್ಗುಲಿನವರಿಗೂ ದಂಡಿ ಒಬ್ಬನೇ ಗುರು. ಪ್ರಹೇಲಿಕೆಗೆ ಅವನು ಹೇಳುವ ಉಪಯೋಗಗಳು ಮೂರು: ಗೋಷ್ಠಿಯ ವಿನೋದ, ಬಲ್ಲವರು ಜನಸಂದಣಿಯ ನಡುವೆ ತಮ್ಮತಮ್ಮೊಳಗೆ ನಡೆಸುವ ಗುಟ್ಟಿನ ಮಾತು, ಇತರರನ್ನು ತಬ್ಬಿಬ್ಬುಗೊಳಿಸುವುದು. ಇವುಗಳಲ್ಲಿ ಎರಡನೆಯದು ವಿದುರನ ದಾರಿ.

ದಂಡಿಯು ಒಪ್ಪಿದ ಪ್ರಹೇಲಿಕೆಗಳು 16 ಬಗೆ. ಸಂಧಿಯಲ್ಲಿ ಪದವನ್ನು ಮರೆಸಬಹುದು. ರೂಢಿಯ ಶಬ್ದವನ್ನು ಬೇರೆ ಅರ್ಥದಲ್ಲಿ ಹೇಳಿ ವಂಚಿಸಬಹುದು. ಪರ್ಯಾಯ ಪದಗಳಿಂದ ಹೆಸರನ್ನು ಮುಚ್ಚಬಹುದು. ವ್ಯಾಕರಣವನ್ನು ಹಿಂಜಿ ಒರಟಾದ ವ್ಯುತ್ಪತ್ತಿಯನ್ನೂ ತರಬಹುದು. ಇಷ್ಟೆಲ್ಲ ಸ್ವಾತಂತ್ರ್ಯ ಕೊಟ್ಟ ಮೇಲೆ, ಹಿಂದಿನವರು 14 ದುಷ್ಟ ಪ್ರಹೇಲಿಕೆಗಳನ್ನೂ ಹೇಳಿದ್ದಾರೆ, ದೋಷಗಳಿಗೆ ಲೆಕ್ಕವೇ ಇಲ್ಲವಾದುದರಿಂದ ಒಳ್ಳೆಯವನ್ನಷ್ಟೇ ವಿವರಿಸುತ್ತೇನೆ ಎಂದು ಅವನು ಮುಂದುವರಿಯುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶ ಒಂದಿದೆ. ಒಳ್ಳೆಯದು, ಕೆಟ್ಟದ್ದು ಎಂಬ ಪರೀಕ್ಷೆಗೆ ಒಳಗಾಗುವುದು ಪ್ರಹೇಲಿಕೆಯೇ ಹೊರತು ಅದಕ್ಕೆ ಬಂದ ಉತ್ತರವಲ್ಲ. ಎಂದರೆ ಕಟ್ಟಳೆ ಮೊದಲು ಕಟ್ಟುವುದು ಕೇಳುವವನ ಕೈಯನ್ನು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126–1138) ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ವು ಪ್ರಹೇಲಿಕೆಯನ್ನು ಚದುರಂಗ, ಪಗಡೆಗಳ ಜೊತೆಗೆ ಕ್ರೀಡೆಗಳ ಭಾಗದಲ್ಲಿಯೇ ಸೇರಿಸಿದೆ. ಕಾವ್ಯದ ಅಲಂಕಾರವೆಂದು ಬಗೆದದ್ದನ್ನು ಕನ್ನಡ ನಾಡಿನ ಅರಸನು ಆಟವೆಂದು ಎಣಿಸಿದನು. ಆಟವೆಂದ ಮೇಲೆ ಆಡುವವರೆಲ್ಲ ಒಪ್ಪಿದ ಕಟ್ಟಳೆ ಇರಲೇಬೇಕು.

ಹಳ್ಳಿಯ ಒಗಟಿನಲ್ಲಿ ಈ ಕಟ್ಟಳೆ ಬರವಣಿಗೆಯಲ್ಲಿಲ್ಲ, ರೂಢಿಯಲ್ಲಿದೆ. ಮೂರು ಕಣ್ಣು, ತಲೆಯ ಮೇಲೆ ಜುಟ್ಟು, ಹೊಟ್ಟೆಯಲ್ಲಿ ನೀರು ಎಂದರೆ ತೆಂಗಿನಕಾಯಿ. ಬೇರೊಂದು ಉತ್ತರ ಹೇಳಿದವನು ಮೂರು ಲಕ್ಷಣಗಳನ್ನೂ ಅದಕ್ಕೆ ಹೊಂದಿಸಿ ತೋರಿಸಬೇಕು. ಹಾಗೆ ತೋರಿಸಿದರೆ ಅದನ್ನು ಒಪ್ಪುವುದೋ ಬಿಡುವುದೋ? ಹಿರಿಯರಿಂದ ಬಂದ ಉತ್ತರವೊಂದೇ ಸರಿ ಎಂಬುದು ಬಿಗಿಪಕ್ಷ; ಲಕ್ಷಣಗಳೆಲ್ಲ ಕೂಡಿಬಂದರೆ ಅದೂ ಸರಿ ಎಂಬುದು ಸಡಿಲಪಕ್ಷ. ಬಿಗಿಪಕ್ಷ ಪರಂಪರೆಯನ್ನು ಕಾಯುತ್ತದೆ, ಸಡಿಲಪಕ್ಷ ಬುದ್ಧಿಯನ್ನು ಬೆಳೆಸುತ್ತದೆ. ಎರಡಕ್ಕೂ ಅದರದರ ಗುಣವುಂಟು.

ಈಚಿನ ಆಟಗಳಲ್ಲಿಯೂ ಇದೇ ಚರ್ಚೆ ನಡೆದಿರುವುದು ಕುತೂಹಲಕರ. ಸಿನಿಮಾದ ಹೆಸರನ್ನು ಮೂಕಾಭಿನಯದಿಂದ ತಿಳಿಸುವ ಆಟವನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ತುಟಿ ಅಲ್ಲಾಡಿಸಬಹುದೇ ಎಂಬ ಜಗಳವನ್ನೂ ಬಲ್ಲರು. 2015ರಲ್ಲಿ ಚೆಕ್ ದೇಶದ ವ್ಲಾಡಾ ಖ್ವಾಟಿಲ್ ರಚಿಸಿದ ‘ಕೋಡ್‌ನೇಮ್ಸ್’ ಎಂಬ ಆಟದಲ್ಲಿ 25 ಶಬ್ದಗಳನ್ನು ಹರಡಿ, ಪ್ರತಿ ಪಂಗಡದಲ್ಲಿ ಒಬ್ಬನು ಒಂದು ಶಬ್ದವನ್ನೂ ಒಂದು ಸಂಖ್ಯೆಯನ್ನೂ ಮಾತ್ರ ಸೂಚನೆಯಾಗಿ ಕೊಡುತ್ತಾನೆ. ಅವನ ಜೊತೆಗಾರರು ತಮ್ಮ ಪಾಲಿನ ಶಬ್ದಗಳನ್ನು ಊಹಿಸುತ್ತಾರೆ. ಅದರ ನಿಯಮಪುಸ್ತಕವೇ ಕಟ್ಟಳೆಗಳನ್ನು ಎರಡಾಗಿ ವಿಂಗಡಿಸಿದೆ. ಸೂಚನೆಯು ಶಬ್ದದ ಅರ್ಥಕ್ಕೆ ಸಂಬಂಧಿಸಿರಬೇಕೆಂಬುದು ದೃಢವಾದದ್ದು. ಸಮಾಸಪದ ಒಂದೇ ಶಬ್ದವೋ ಎರಡೋ ಎಂಬಂತಹವು ಸಡಿಲವಾದವು. ಸಂಶಯ ಬಂದಾಗ ಎದುರು ಪಂಗಡದವನು ಒಪ್ಪಿದರೆ ಸೂಚನೆ ಸಿಂಧು. ಪರಭಾಷೆಯ ಶಬ್ದವು ಆಡುವವರ ದಿನಬಳಕೆಯ ಮಾತಿನಲ್ಲಿ ಬೆರೆತಿದ್ದರೆ ಮಾತ್ರ ಅದಕ್ಕೆ ಅವಕಾಶ. ದಂಡಿಯ ವಿವೇಕಕ್ಕೂ ಇದಕ್ಕೂ ದೂರವೇನಿಲ್ಲ.

ಕೊನೆಯ ಈ ಕಟ್ಟಳೆ ನಮ್ಮ ಊರಿಗೆ ಬಂದಾಗ ಕಠಿಣವಾಗುತ್ತದೆ. ಮಾರಂಡಹಳ್ಳಿ 1965ರ ಅಕ್ಟೋಬರ್ 2ರವರೆಗೆ ಸೇಲಂ ಜಿಲ್ಲೆಯಲ್ಲಿದ್ದು, ಅಂದಿನಿಂದ ಧರ್ಮಪುರಿ ಜಿಲ್ಲೆಗೆ ಸೇರಿದೆ. ಊರಿನ ಹೆಸರಿನ ‘ಹಳ್ಳಿ’ ಕನ್ನಡದ್ದು. ತಮಿಳು ಬರಹದಲ್ಲಿ ಅದು ‘ಅಳ್ಳಿ’ ಎಂದಾಗುತ್ತದೆ. ಹಳಗನ್ನಡದ ‘ಪಳ್ಳಿ’ಯೇ ‘ಹಳ್ಳಿ’ಯಾದದ್ದು, ತಮಿಳಿನಲ್ಲಿ ‘ಪಳ್ಳಿ’ ಎಂದರೆ ಶಾಲೆ. ಹಾಲಿಗೆ ತಮಿಳರು ‘ಪಾಲ್’ ಎನ್ನುವರು, ತೆಲುಗರು ‘ಪಾಲು’ ಎನ್ನುವರು. ಕನ್ನಡದಲ್ಲಿ ಪಾಲು ಎಂದರೆ ಭಾಗ. ನಮಗೆ ರಾಗಿ ಮುದ್ದೆಯ ಧಾನ್ಯ. ತೆಲುಗಿನಲ್ಲಿ ರಾಗಿ ಎಂದರೆ ತಾಮ್ರವೂ ಹೌದು. ‘ರಾಗಿ’ ಎಂಬುದಕ್ಕೆ ‘ತಂಬಿಗೆ’ ಎಂದು ಒಂದು ಮಗು ಸೂಚನೆ ಕೊಟ್ಟರೆ ತೆಲುಗು ಮನೆಯ ಮಗು ಥಟ್ಟನೆ ಹಿಡಿಯುತ್ತದೆ, ಕನ್ನಡದ ಮಗು ಕಣ್ಣು ಬಿಡುತ್ತದೆ. ಇದು ತಪ್ಪೋ, ಜಾಣತನವೋ?

ಆಡುವುದು ಕನ್ನಡದ ಆಟವಾದುದರಿಂದ ಪರನುಡಿಯ ಉತ್ತರವನ್ನು ತಳ್ಳಿಹಾಕಬೇಕು ಎಂದು ವಾದಿಸುವವರುಂಟು. ಅವರ ಭಯ ನಿರಾಧಾರವಲ್ಲ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆಯ ಕಾಯಿದೆಯಂತೆ ಒಂದನೆಯ ತರಗತಿಯಿಂದ ಹತ್ತನೆಯದರವರೆಗೆ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ರಾಜ್ಯದ ಭಾಷೆಯನ್ನು ಕಲಿಯುವುದು ಮಕ್ಕಳಿಗೆ ಹಿತವೇ ಸರಿ. ಆದರೆ ಶಾಲೆಯಲ್ಲಿ ಕನ್ನಡಕ್ಕೆ ಸಿಗುವ ಹೊತ್ತು ಕಡಿಮೆಯಾದಷ್ಟೂ ಆಟದ ಹೊತ್ತಿನ ಕನ್ನಡಕ್ಕೆ ಬೆಲೆ ಹೆಚ್ಚುತ್ತದೆ. ಅದನ್ನೂ ಬಿಟ್ಟುಕೊಟ್ಟರೆ ಉಳಿಯುವುದೇನು ಎಂಬುದು ಅವರ ಪ್ರಶ್ನೆ.

ಆದರೆ ಉತ್ತರ ಗೊತ್ತಿದ್ದೂ ಕನ್ನಡದ ಶಬ್ದ ಬಾಯಿಗೆ ಬಾರದ ಮಗುವನ್ನು ಸೋತಿತೆಂದು ಕೂರಿಸಿದರೆ, ಅದು ಮರುದಿನ ಆಟಕ್ಕೆ ಬಾರದು. ಆಟದೊಡನೆ ಕನ್ನಡವನ್ನೂ ಬಿಟ್ಟೀತು. ಆದುದರಿಂದ ಇತಿಹಾಸ ತೋರಿಸಿದ ದಾರಿಯನ್ನೇ ಹಿಡಿಯುವುದು ಲೇಸೆಂದು ನಮಗೆ ತೋರುತ್ತದೆ. ಸೂಚನೆಗೆ ಬಿಗಿ, ಉತ್ತರಕ್ಕೆ ಸಡಿಲ. ಸೂಚನೆ ಕನ್ನಡದಲ್ಲಿಯೇ ಇರಲಿ, ಕೂಡಿದವರೆಲ್ಲ ಬಲ್ಲ ಅರ್ಥದಲ್ಲಿರಲಿ. ‘ತಂಬಿಗೆ’ಯಂತಹ ಸೂಚನೆ ಒಂದು ಮನೆಯವರಿಗಷ್ಟೇ ತಿಳಿಯುವುದರಿಂದ ಸಲ್ಲದು. ಉತ್ತರ ಯಾವ ನುಡಿಯಲ್ಲಿ ಬಂದರೂ ಅರ್ಥ ಸರಿಯಾಗಿದ್ದರೆ ಗೆಲುವನ್ನು ಒಪ್ಪಬೇಕು. ಒಪ್ಪಿದ ಕೂಡಲೇ ಅದರ ಕನ್ನಡ ಶಬ್ದವನ್ನು ಎಲ್ಲರೂ ಕೂಡಿ ಹೇಳಬೇಕು. ಮಿಕ್ಕ ಸಡಿಲಿಕೆಗಳನ್ನು ಆಟಕ್ಕೆ ಮೊದಲೇ ಮಕ್ಕಳೇ ಗೊತ್ತುಮಾಡಿಕೊಳ್ಳಲಿ. ನಡುವೆ ಬದಲಿಸಿದ ಕಟ್ಟಳೆ ಜಗಳಕ್ಕೆ ಬೀಜ.

ವಾರಕ್ಕೊಂದು ಸಲ, ಪಾಠ ಮುಗಿದ ಮೇಲಿನ ಅರ್ಧ ಗಂಟೆ ಇದಕ್ಕೆ ಸಾಕು. ಹಣ ಬೇಡ, ಸಲಕರಣೆ ಬೇಡ. ಪ್ರತಿ ಶಾಲೆಯಲ್ಲಿಯೂ ಉಪಾಧ್ಯಾಯರು ತಮ್ಮ ಊರಿನ ಒಗಟುಗಳನ್ನು, ಅವುಗಳಿಗೆ ಮಕ್ಕಳು ಕೊಡುವ ಬೇರೆಬೇರೆ ಉತ್ತರಗಳೊಡನೆ ಬರೆದಿಟ್ಟರೆ, ಮೂರು ನುಡಿಗಳ ನಡುವೆ ಬದುಕಿದ ಈ ಗಡಿನಾಡಿನ ಶಬ್ದಸಂಪತ್ತಿಗೆ ಅದೇ ಒಂದು ಕೋಶವಾದೀತು.