ಬ್ರಹ್ಮಗಿರಿಯ ಬಂಡೆ, ಮೊಬೈಲಿನ ನಕ್ಷತ್ರ ಚಿಹ್ನೆ

ಇವತ್ತಿನ ಕತೆ ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಹಳೇದು. ಆದ್ರೆ ಶುರು ಮಾಡೋದು ನಿಮ್ಮ ಕೈಯಲ್ಲಿರೋ ಫೋನಿನಿಂದ.

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗೋ ಬಸ್ಸಲ್ಲಿ ಕೂತಿದ್ದೀರಿ ಅಂದ್ಕೊಳ್ಳಿ. ಸಾಲ, ಸೇಲು, ಆಫರ್ ಅಂತ ಮೆಸೇಜುಗಳ ಕಾಟ. ಬೇಜಾರಾಗಿ ಆಟೊಮೇಶನ್ ಆ್ಯಪ್‌ನಲ್ಲಿ ಒಂದು ರೂಲ್ ಬರೀತೀರಿ: *ಆಫರ್* ಅಂತ ಕಂಡ್ರೆ ಡಿಲೀಟ್ ಮಾಡು. ಆ ನಕ್ಷತ್ರ ಚಿಹ್ನೆಯೇ ವೈಲ್ಡ್‌ಕಾರ್ಡ್. ‘ಈ ಜಾಗದಲ್ಲಿ ಏನು ಬೇಕಾದ್ರೂ ಇರ್ಲಿ’ ಅಂತ ಅದರ ಅರ್ಥ. ಎರಡು ದಿನ ನೆಮ್ಮದಿ. ಆಮೇಲೆ ಗೊತ್ತಾಗುತ್ತೆ, ಕೆಲಸದ ಆಫರ್ ಲೆಟರ್ ಬಂದಿದೆ ಅನ್ನೋ ಮೆಸೇಜೂ ಅದೇ ಕಸದ ಜೊತೆ ಹೋಗಿದೆ!

ಈಗ ಅದೇ ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳ ಹತ್ರ ಬನ್ನಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ: ಕೆಲವೇ ಕಿಲೋಮೀಟರ್ ಅಂತರದಲ್ಲಿ ಮೂರು ಅಶೋಕನ ಶಾಸನಗಳು. 1892ರಲ್ಲಿ ಇವನ್ನು ಬೆಳಕಿಗೆ ತಂದವರು ಬಿ.ಎಲ್. ರೈಸ್. ಮೂರರಲ್ಲೂ ಹೆಚ್ಚೂಕಡಿಮೆ ಒಂದೇ ಸಂದೇಶ. ಮೊದಲು ‘ಯಾರಿಂದ, ಯಾರಿಗೆ’: ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ, ಜೊತೆಗೆ ಕ್ಷೇಮ ವಿಚಾರಣೆ. ಆಮೇಲೆ ರಾಜನ ಮಾತು. ತಂದೆ ತಾಯಿ, ಗುರುಗಳ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ ಅಂತ. ಮಧ್ಯಪ್ರದೇಶದ ರೂಪನಾಥದಲ್ಲೂ ರಾಜನ ಮಾತಿನ ಮೊದಲ ಭಾಗ ಸಿಗುತ್ತೆ, ಆದರೆ ಈ ‘ಯಾರಿಗೆ’ ಅನ್ನೋ ತಲೆಬರಹ ಅಲ್ಲಿಲ್ಲ.

ಜಟಿಂಗ ರಾಮೇಶ್ವರದ ಬಂಡೆ ತುಂಬಾ ಸವೆದಿದೆ. ಅಲ್ಲಿ ಅಳಿಸಿಹೋದ ಅಕ್ಷರ ಓದೋದು ಹೇಗೆ? ಉಳಿದಿರೋದನ್ನ ಗಟ್ಟಿಯಾಗಿ ಹಿಡ್ಕೊಂಡು, ಖಾಲಿ ಜಾಗವನ್ನ ಪಕ್ಕದ ಎರಡು ಬಂಡೆಗಳ ಪಾಠದ ಜೊತೆ ಹೋಲಿಸಿ. ನೋಡಿ, ವೈಲ್ಡ್‌ಕಾರ್ಡ್ ಮಾಡೋ ಕೆಲಸವೂ ಇದೇ ಥರ: ಗೊತ್ತಿರೋದು ಸ್ಥಿರ, ಗೊತ್ತಿಲ್ಲದ್ದು ಖಾಲಿ.

ಆದರೆ ಗೊತ್ತಿರೋ ಭಾಗ ಸಾಲದೇ ಹೋದ್ರೆ? 1837ರಲ್ಲಿ ಬ್ರಾಹ್ಮಿ ಲಿಪಿಯ ಒಗಟು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಮುಂದೆ ಉತ್ತರ ಭಾರತದ ಶಾಸನಗಳಿದ್ವು. ಅವುಗಳಲ್ಲಿ ಅಶೋಕ ಅನ್ನೋ ಹೆಸರೇ ಇರಲಿಲ್ಲ. ‘ದೇವಾನಾಂಪಿಯ ಪಿಯದಸಿ’ ಅಂತ ಮಾತ್ರ. ದೇವಾನಾಂಪಿಯ ಅಂದ್ರೆ ದೇವರಿಗೆ ಪ್ರಿಯನಾದವನು. ಶ್ರೀಲಂಕಾದಲ್ಲಿ ದೇವಾನಾಂಪಿಯ ತಿಸ್ಸ ಅಂತ ರಾಜ ಇದ್ದ. ಹಾಗಾಗಿ ಇದು ಅವನೇ ಅಂತ ಪ್ರಿನ್ಸೆಪ್ ಮೊದಲು ಭಾವಿಸಿದರು. ಬಿರುದು ಹೊಂದಿತು, ಆಳು ಬೇರೆ! ಸಿಂಹಳದ ಪಾಲಿ ಗ್ರಂಥ ನೋಡಿದ ಜಾರ್ಜ್ ಟರ್ನರ್, ಪಿಯದಸಿ ಅಂದ್ರೆ ಅಶೋಕ ಅಂತ ತಿದ್ದಿದರು. ಕಲ್ಲಿನ ಮೇಲೇ ಅಶೋಕನ ಹೆಸರು ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

‘ದೇವಾನಾಂಪಿಯ’ ಆದಮೇಲೆ ನಕ್ಷತ್ರ ಹಾಕಿದ್ರೆ ಇಬ್ಬರು ರಾಜರು ಸಿಗ್ತಾರೆ. *ಆಫರ್* ಅಂದ್ರೆ ಸೀರೆ ಸೇಲೂ ಸಿಗುತ್ತೆ, ನಿಮ್ಮ ಕೆಲಸವೂ ಸಿಗುತ್ತೆ. ತಪ್ಪು ಎರಡೂ ಕಡೆ ಒಂದೇ. ವ್ಯತ್ಯಾಸ ಏನಂದ್ರೆ, ಪ್ರಿನ್ಸೆಪ್ ತಪ್ಪಿದರೂ ಕಲ್ಲು ಅಲ್ಲೇ ಇತ್ತು, ಇನ್ನೊಬ್ಬರು ಬಂದು ಮತ್ತೆ ಓದಬಹುದಿತ್ತು. ಡಿಲೀಟ್ ಆದ ಮೆಸೇಜ್ ಮತ್ತೆ ಓದೋಕೆ ಸಿಗದೇ ಹೋಗಬಹುದು.

ಕಂಪ್ಯೂಟರಿನಲ್ಲಿ ಈ ಚಿಹ್ನೆಯೂ ಹಳೇದೇ. ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ನಲ್ಲಿ 1971ರ ಮೊದಲ ಆವೃತ್ತಿಯಿಂದಲೂ ಇದಕ್ಕಾಗಿ ‘ಗ್ಲಾಬ್’ ಅನ್ನೋ ಪ್ರೋಗ್ರಾಂ ಇತ್ತು. ಅಲ್ಲೂ ನಕ್ಷತ್ರ ಹಾಕಿ ಫೈಲ್ ಅಳಿಸೋ ಮೊದಲು, ಅದೇ ನಕ್ಷತ್ರ ಹಾಕಿ ಪಟ್ಟಿ ನೋಡ್ಕೊಳ್ಳೋದು ಜಾಣರ ಅಭ್ಯಾಸ.

ಹಾಗಾದ್ರೆ ರೂಲ್ ಹೇಗೆ ಬರೀಬೇಕು? ಬಂಡೆಯ ಹಾಗೆ ಮೊದಲು ‘ಯಾರಿಂದ’ ಅನ್ನೋದನ್ನ ನೋಡಿ. ನಮ್ಮ ದೇಶದಲ್ಲಿ ಕಂಪನಿಗಳ ಎಸ್‌ಎಂಎಸ್ ಹೆಸರಿನ ಮೊದಲ ಎರಡು ಅಕ್ಷರ ಮೊಬೈಲ್ ಕಂಪನಿ ಮತ್ತು ವಲಯದ ಗುರುತು, ಅದು ಬದಲಾಗ್ತಿರುತ್ತೆ. ಅಲ್ಲಿ ನಕ್ಷತ್ರ ಹಾಕಿ, ಮುಂದಿನ ಹೆಸರನ್ನ ಪೂರ್ತಿ ಬರೀರಿ. 2025ರಿಂದ ಹೆಸರಿನ ಕೊನೆಗೂ ಒಂದು ಅಕ್ಷರ ಬರುತ್ತೆ: ‘ಪಿ’ ಅಂದ್ರೆ ಜಾಹೀರಾತು, ‘ಟಿ’ ಅಂದ್ರೆ ವಹಿವಾಟು. ಕಸ ಹಿಡಿಯೋಕೆ ‘ಆಫರ್’ ಪದಕ್ಕಿಂತ ಆ ‘ಪಿ’ ಮೇಲು. ಮತ್ತೆ, ಹೊಸ ರೂಲ್‌ಗೆ ಮೊದಲ ವಾರ ಡಿಲೀಟ್ ಅಧಿಕಾರ ಕೊಡಬೇಡಿ. ಸೈಲೆಂಟ್ ಮಾಡಿಸಿ, ಏನೇನು ಸಿಕ್ಕಿಬಿತ್ತು ಅಂತ ನೀವೇ ಒಮ್ಮೆ ಓದಿ.

ಮುಂದಿನ ಸಲ ಮೊಳಕಾಲ್ಮುರಿಗೆ ರೇಷ್ಮೆ ಸೀರೆ ತರೋಕೆ ಹೋದಾಗ ಬ್ರಹ್ಮಗಿರಿಗೂ ಹೋಗಿಬನ್ನಿ. ಸಂದೇಶದ ಕೊನೆಯಲ್ಲಿ ಅದನ್ನ ಬರೆದ ಚಪಡ ಅನ್ನೋ ಲಿಪಿಕಾರನ ಹೆಸರೂ ಇದೆ.