ಜ್ವರಕ್ಕೊಂದು ಚೀಟಿ

2023ರ ಮಳೆಗಾಲ. ಮಗಳಿಗೆ ಡೆಂಗಿ ಜ್ವರ. ಮಗಳೆಂದರೆ ಹೆತ್ತವಳಲ್ಲ, ನಮ್ಮ ಹಿಜ್ಡಾ ಪದ್ಧತಿಯಲ್ಲಿ ನನ್ನ ಚೇಲಾ, ಶಿಷ್ಯೆ. ದೀಪಾಂಜಲಿ ನಗರದ ನಮ್ಮ ವಠಾರದಿಂದ ಆಟೊ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಚೀಟಿ ಬರೆಯುವ ಹುಡುಗ ತಲೆ ಎತ್ತಿ ಅವಳನ್ನು ನೋಡಿದ, ಮತ್ತೆ ತಗ್ಗಿಸಿದ. ಗಂಡು, ಹೆಣ್ಣು ಎಂಬ ಎರಡು ಚೌಕಗಳ ಮೇಲೆ ಪೆನ್ನು ಹಾಗೇ ನಿಂತಿತು. ಕೊನೆಗೆ, "ಮೊದಲು ಐಸಿಟಿಸಿಗೆ ಹೋಗಿ ಎಚ್‌ಐವಿ ಟೆಸ್ಟ್ ಮಾಡಿಸ್ಕೊಂಡು ಬನ್ನಿ" ಅಂದ.

"ಜ್ವರ ಕಣಪ್ಪ!"

"ಗೊತ್ತಮ್ಮ. ಅದಾದ್ಮೇಲೆ ನೋಡ್ತಾರೆ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಆಸ್ಪತ್ರೆ ನಮ್ಮನ್ನು ಗುರುತಿಸಲು ಕಲಿತದ್ದೇ ಐಸಿಟಿಸಿ ಎಂಬ ಆ ಎಚ್‌ಐವಿ ಪರೀಕ್ಷೆಯ ಕೋಣೆಯ ಮೂಲಕ.

ಅದಕ್ಕೂ ಮುಂಚೆ ನಮ್ಮವರಿಗೆ ಹಮಾಮೇ ಮನೆ, ಹಮಾಮೇ ಆಸ್ಪತ್ರೆ. ಊರ ಜನರಿಗೆ ಬಿಸಿನೀರು ಕಾಯಿಸಿಕೊಡುವ ಆ ಸ್ನಾನದ ಮನೆಗಳ ಹಿಂದಿನ ಕೋಣೆಯಲ್ಲೇ ಹೆರಿಗೆಯಂಥ ಆರೈಕೆ ನಡೆಯುತ್ತಿತ್ತು. ನಿರ್ವಾಣ, ಅಂದರೆ ಗಂಡಿನ ಅಂಗ ಕತ್ತರಿಸುವ ಕೆಲಸ, ಮಾಡುತ್ತಿದ್ದುದು ದಾಯಮ್ಮ. ಗಾಯಕ್ಕೆ ಬಿಸಿ ಎಣ್ಣೆ. ನಲವತ್ತು ದಿನ ಕನ್ನಡಿ ನೋಡಬಾರದು, ತಲೆ ಬಾಚಬಾರದು, ಹಾಲು ಮುಟ್ಟಬಾರದು. ಬದುಕಿ ಉಳಿದವರಿಗೆ ನಲವತ್ತನೆಯ ದಿನ ಮದುವಣಗಿತ್ತಿಯ ಅಲಂಕಾರ. ಉಳಿಯದವರ ಲೆಕ್ಕ ಇಟ್ಟವರಿಲ್ಲ. ಡಾಕ್ಟರ ಹತ್ತಿರ ಹೋದವರ ಪಾಡು ಇನ್ನೊಂದು ಥರ. ತೊಂಬತ್ತರ ದಶಕದಲ್ಲಿ ಅಪ್ಪ ನನ್ನನ್ನು ಒಬ್ಬರ ಮುಂದೆ ಕೂರಿಸಿದ್ದರು. "ಮದುವೆ ಮಾಡಿಬಿಡಿ, ಸರಿಹೋಗ್ತಾನೆ" ಅನ್ನುವುದೇ ಅವರ ಔಷಧಿ. ಸಲಿಂಗ ಪ್ರೇಮವನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಿಂದ 1990ರಲ್ಲೇ ಕೈಬಿಟ್ಟಿತ್ತು. ಆ ಸುದ್ದಿ ನಮ್ಮ ಡಾಕ್ಟರಿಗೆ ಮುಟ್ಟಿರಲಿಲ್ಲ.

1999ರಲ್ಲಿ ಬೆಂಗಳೂರಲ್ಲಿ ನಮ್ಮಂಥವರ ಹಕ್ಕುಗಳಿಗಾಗಿ ಸಂಗಮ ಎಂಬ ಸಂಸ್ಥೆ ಹುಟ್ಟಿತು. ಕೋಥಿ (ಹೆಣ್ಣಿನ ನಡೆನುಡಿಯ ಗಂಡು), ಹಿಜ್ಡಾಗಳ ಮೇಲಿನ ಹಿಂಸೆಯನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನವರು 2003ರ ವರದಿಯಲ್ಲಿ ಬರೆದಿಟ್ಟರು. ಬಿಲ್ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಎಂಬ ಎಚ್‌ಐವಿ ತಡೆ ಕಾರ್ಯಕ್ರಮ ಬಂದದ್ದೂ ಅದೇ ವರ್ಷ. ಅದರ ಜೊತೆಗೆ ದುಡ್ಡು, ಕ್ಲಿನಿಕ್ಕು, ನನ್ನಂಥವರಿಗೆ ಸಂಬಳ. 2005ರಲ್ಲಿ ನಾನು ಪೀರ್ ಎಜುಕೇಟರ್ ಆದೆ. ಹೆಗಲ ಚೀಲದಲ್ಲಿ ನಿರೋಧ್ ಪೊಟ್ಟಣ, ಹಾಕಿ ತೋರಿಸಲು ಒಂದು ಮರದ ಲಿಂಗ, ಲೆಕ್ಕದ ಪುಸ್ತಕ. ಮೆಜೆಸ್ಟಿಕ್‌ನಲ್ಲಿ ಪೊಲೀಸರು ಚೀಲ ತೆಗೆಸಿದಾಗ ಆ ಮರದ ತುಂಡನ್ನು ಮೊದಲು ಎತ್ತಿ ಹಿಡಿದು ನಗುತ್ತಿದ್ದರು, ಆಮೇಲೆ ಲಾಠಿ.

ಆ ಕಾರ್ಯಕ್ರಮ ಜೀವ ಉಳಿಸಿತು. ಇದನ್ನು ಅಲ್ಲಗಳೆಯುವವರು ಆ ಕಾಲದ ಸಾವುಗಳನ್ನು ಕಂಡವರಲ್ಲ. 2004ರ ಏಪ್ರಿಲ್ 1ರಿಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಸರ್ಕಾರದಿಂದ ಪುಕ್ಕಟೆ ಸಿಗತೊಡಗಿತು. ಅಂದು ಶುರುಮಾಡಿದ ಇಬ್ಬರು ಗೆಳತಿಯರು ಇವತ್ತೂ ನನ್ನ ಜೊತೆ ಜಗಳ ಆಡಿಕೊಂಡಿದ್ದಾರೆ. ಆದರೆ ಕ್ಲಿನಿಕ್ಕಿನ ಕಣ್ಣಿಗೆ ನಾವು ಸೊಂಟದಿಂದ ಕೆಳಗೆ ಮಾತ್ರ ಇದ್ದೆವು. ಹಲ್ಲುನೋವು, ಸಕ್ಕರೆ ಕಾಯಿಲೆ, ರಾತ್ರಿ ನಿದ್ದೆ ಬಾರದ ಸಂಕಟ ಇವಕ್ಕೆಲ್ಲ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿಗಂತೂ ಪುಸ್ತಕವೇ ಇರಲಿಲ್ಲ. ವೈರಸ್ಸಿಲ್ಲದ ಕಡೆ ದುಡ್ಡೂ ಹೋಗುವುದಿಲ್ಲ.

ಆಮೇಲೆ ತೀರ್ಪು, ಆದೇಶಗಳು ಒಂದರ ಹಿಂದೊಂದು ಬಂದವು. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಆಸ್ಪತ್ರೆಗಳಲ್ಲಿ ನಮಗೆ ಚಿಕಿತ್ಸೆ ಕೊಡಿಸಬೇಕೆಂದು ಸರ್ಕಾರಗಳಿಗೆ ಹೇಳಿತು. 2018ರಲ್ಲಿ, ಸಲಿಂಗ ಕಾಮವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿನ ಭಯ ಕಳೆಯಿತು. 'ಸರಿಮಾಡುವ' ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೈದ್ಯರ ದುರ್ನಡತೆ ಎಂದಿತು. ಅಪ್ಪ ಅಷ್ಟು ದಿನ ಇರಲಿಲ್ಲ.

2017 ಮಾತ್ರ ವಿಚಿತ್ರ ವರ್ಷ. ಕರ್ನಾಟಕ ತೃತೀಯ ಲಿಂಗಿಗಳಿಗೆ ನೀತಿ ರೂಪಿಸಿದ್ದು ಆಗಲೇ. ರಾಷ್ಟ್ರೀಯ ರಕ್ತದಾನ ಮಾರ್ಗಸೂಚಿ ನಮ್ಮನ್ನು ಖಾಯಮ್ಮಾಗಿ ಹೊರಗಿಟ್ಟದ್ದೂ ಆಗಲೇ. ಅದು ನನಗೆ ತಟ್ಟಿದ್ದು 2023ರ ಆ ಮಳೆಗಾಲದಲ್ಲಿ, ಮಗಳ ಪ್ಲೇಟ್ಲೆಟ್ ಇಳಿಯತೊಡಗಿದಾಗ. ಅವಳದೂ ನನ್ನದೂ ಒಂದೇ ಗುಂಪು. ಹದಿನೆಂಟು ವರ್ಷದಿಂದ ಆರು ತಿಂಗಳಿಗೊಮ್ಮೆ ಐಸಿಟಿಸಿಯವರೇ ಪರೀಕ್ಷೆ ಮಾಡಿ ನೆಗೆಟಿವ್ ಎಂದು ಬರೆದುಕೊಂಡ ರಕ್ತ ನನ್ನದು. ರಕ್ತನಿಧಿಯ ಸಿಸ್ಟರ್ ಫಾರ್ಮನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡರು. "ನಿಮ್ಮದು ಬೇಡಮ್ಮ, ಬೇರೆ ಯಾರಾದ್ರೂ ಇದ್ರೆ ಕರೆಸಿ."

ಪಕ್ಕದ ಮನೆಯ ಬಿಎಂಟಿಸಿ ಡ್ರೈವರ್ ಅಣ್ಣನಿಗೆ ಫೋನ್ ಮಾಡಿದೆ. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದರು. ಫಾರ್ಮ್ ತುಂಬುವುದಕ್ಕೆ ನನ್ನ ಪೆನ್ನನ್ನೇ ಇಸ್ಕೊಂಡರು.