ಅಡುಗೆಮನೆಯ ಓರಣ

ಅಡುಗೆಮನೆಯ ಓರಣ ಎಂದರೆ ಮನೆಯ ಅಡುಗೆಮನೆಯಲ್ಲಿರುವ ದಿನಸಿ, ಪಾತ್ರೆ, ಉಪಕರಣ, ಇಂಧನ ಮತ್ತು ಕಸವನ್ನು ಅವುಗಳ ಬಳಕೆಗೆ ತಕ್ಕಂತೆ ವಿಂಗಡಿಸಿ, ಗೊತ್ತುಪಡಿಸಿದ ಸ್ಥಳದಲ್ಲಿ ಇರಿಸಿ, ಶುಚಿಯಾಗಿ ಕಾಪಾಡಿಕೊಳ್ಳುವ ಕ್ರಮ. ಇದು ನೋಟದ ಅಂದಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಆಹಾರ ಕೆಡದಂತೆ ತಡೆಯುವುದು, ಬೆಂಕಿ ಮತ್ತು ವಿಷದ ಅಪಘಾತಗಳನ್ನು ತಪ್ಪಿಸುವುದು, ಅಡುಗೆ ಮಾಡುವವರ ಶ್ರಮ ಹಾಗೂ ಸಮಯವನ್ನು ಉಳಿಸುವುದು ಇದರ ಮುಖ್ಯ ಉದ್ದೇಶಗಳು. ಪ್ರತಿಯೊಂದು ವಸ್ತುವೂ ಅದು ಬಳಕೆಯಾಗುವ ಜಾಗದ ಸಮೀಪದಲ್ಲಿರಬೇಕು ಮತ್ತು ಬಳಸಿದ ಬಳಿಕ ಅಲ್ಲಿಗೇ ಮರಳಬೇಕು ಎಂಬುದು ಇದರ ಮೂಲತತ್ತ್ವ.

ಇತಿಹಾಸ

ಕರ್ನಾಟಕದ ಸಾಂಪ್ರದಾಯಿಕ ಮನೆಗಳಲ್ಲಿ ಧಾನ್ಯದ ಸಂಗ್ರಹ ಮತ್ತು ಅಡುಗೆಯ ಸ್ಥಳಗಳು ಬೇರೆ ಬೇರೆಯಾಗಿದ್ದವು. ವರ್ಷಕ್ಕಾಗುವಷ್ಟು ಧಾನ್ಯವನ್ನು ಕಣಜಗಳಲ್ಲಿಯೂ, ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿ ನೆಲದೊಳಗೆ ತೋಡಿದ ಹಗೇವುಗಳಲ್ಲಿಯೂ ತುಂಬಿಡುತ್ತಿದ್ದರು. ನಿತ್ಯದ ಬಳಕೆಗೆ ಬೇಕಾದಷ್ಟನ್ನು ಮಾತ್ರ ಅಡುಗೆಮನೆಗೆ ತರುತ್ತಿದ್ದರು. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳನ್ನು ಇರುವೆ ಹಾಗೂ ಬೆಕ್ಕಿನಿಂದ ಕಾಪಾಡಲು ಮಾಡಿನಿಂದ ತೂಗುಬಿಟ್ಟ ನೆಲುವಿನಲ್ಲಿ ಇಡುವ ರೂಢಿಯಿತ್ತು. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲ್ಭಾಗದ ಅಟ್ಟಕ್ಕೆ ತಾಗುವ ಹೊಗೆ ಮತ್ತು ಶಾಖವು ಅಲ್ಲಿಟ್ಟ ವಸ್ತುಗಳನ್ನು ಮಳೆಗಾಲದ ತೇವದಿಂದ ರಕ್ಷಿಸುತ್ತಿತ್ತು.

ಅಡುಗೆಮನೆಯ ಜೋಡಣೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಪ್ರಯತ್ನಗಳು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕಂಡುಬರುತ್ತವೆ. ಕ್ಯಾಥರೀನ್ ಬೀಚರ್ ಮತ್ತು ಹ್ಯಾರಿಯೆಟ್ ಬೀಚರ್ ಸ್ಟೋವ್ ಸಹೋದರಿಯರು 1869ರಲ್ಲಿ ಪ್ರಕಟಿಸಿದ ‘ದಿ ಅಮೆರಿಕನ್ ವುಮನ್ಸ್ ಹೋಮ್’ ಗ್ರಂಥದಲ್ಲಿ, ಕೈಗೆಟುಕುವ ಕಪಾಟು ಮತ್ತು ಹಿಟ್ಟಿನ ಪೆಟ್ಟಿಗೆಗಳುಳ್ಳ ಚಿಕ್ಕ ಅಡುಗೆಮನೆಯ ನಕ್ಷೆಯನ್ನು ನೀಡಿದರು. ಕಾರ್ಖಾನೆಗಳಲ್ಲಿ ಜಾರಿಗೆ ಬರುತ್ತಿದ್ದ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಕ್ರಿಸ್ಟೀನ್ ಫ್ರೆಡರಿಕ್ ಅವರು ಮನೆಗೆಲಸಕ್ಕೆ ಅನ್ವಯಿಸಿದರು. 1913ರಲ್ಲಿ ಪ್ರಕಟವಾದ ‘ದಿ ನ್ಯೂ ಹೌಸ್‌ಕೀಪಿಂಗ್’ ಅವರ ಈ ವಿಚಾರಗಳನ್ನೊಳಗೊಂಡ ಕೃತಿ. ಅಡುಗೆಯ ಕೆಲಸವನ್ನು ಅವರು ಸಿದ್ಧಪಡಿಸುವುದು ಮತ್ತು ತೆರವುಗೊಳಿಸುವುದು ಎಂಬ ಎರಡು ಸರಣಿಗಳಾಗಿ ವಿಂಗಡಿಸಿ, ಸಲಕರಣೆಗಳು ಆಯಾ ಸರಣಿಯ ಕ್ರಮದಲ್ಲಿಯೇ ಇರಬೇಕೆಂದು ಪ್ರತಿಪಾದಿಸಿದರು.

ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್‌ಕಿ ಅವರು 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ರೂಪಿಸಿದ ‘ಫ್ರಾಂಕ್‌ಫರ್ಟ್ ಅಡುಗೆಮನೆ’ ಈ ಚಿಂತನೆಯ ಪ್ರಸಿದ್ಧ ಫಲ. ಸುಮಾರು 1.9 ಮೀಟರ್ ಅಗಲ ಮತ್ತು 3.4 ಮೀಟರ್ ಉದ್ದದ ಈ ಕೋಣೆಯ ವಿನ್ಯಾಸಕ್ಕೆ ರೈಲಿನ ಊಟದ ಬೋಗಿಯ ಅಡುಗೆಕೋಣೆ ಪ್ರೇರಣೆಯಾಗಿತ್ತು. ಸಕ್ಕರೆ, ಅಕ್ಕಿ ಮೊದಲಾದ ದಿನಸಿಗೆ ಹೆಸರು ಬರೆದ ಅಲ್ಯೂಮಿನಿಯಂ ಸೆಳೆಪೆಟ್ಟಿಗೆಗಳು, ಕಿಟಕಿಯ ಬೆಳಕಿಗೆ ಮುಖಮಾಡಿದ ಕೆಲಸದ ಮೇಜು ಮತ್ತು ತರಕಾರಿಯ ಸಿಪ್ಪೆಯನ್ನು ನೇರವಾಗಿ ತಳ್ಳಬಹುದಾದ ಕಸದ ಪೆಟ್ಟಿಗೆ ಅದರಲ್ಲಿದ್ದವು. ಸುಮಾರು 10,000 ಮನೆಗಳಲ್ಲಿ ಇದನ್ನು ಅಳವಡಿಸಲಾಯಿತು. ಇಂದಿನ ಮಾಡ್ಯುಲರ್ ಅಡುಗೆಮನೆಗಳಿಗೆ ಇದನ್ನೇ ಪೂರ್ವರೂಪವೆಂದು ಪರಿಗಣಿಸಲಾಗುತ್ತದೆ.

ಸ್ಥಳದ ಜೋಡಣೆ

ಒಲೆ, ಸಿಂಕ್ ಮತ್ತು ಫ್ರಿಜ್ ಈ ಮೂರರ ನಡುವೆ ಅಡುಗೆ ಮಾಡುವವರ ಓಡಾಟ ಹೆಚ್ಚು. ಈ ಮೂರು ಬಿಂದುಗಳನ್ನು ಜೋಡಿಸುವ ಕಾಲ್ಪನಿಕ ರೇಖೆಗಳಿಗೆ ‘ಕೆಲಸದ ತ್ರಿಕೋನ’ ಎಂದು ಹೆಸರು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳವಣಿಗೆ ಹೊಂದಿದ ಈ ಪರಿಕಲ್ಪನೆಯ ಪ್ರಕಾರ, ತ್ರಿಕೋನದ ಮೂರು ಬಾಹುಗಳ ಒಟ್ಟು ಉದ್ದ ಸುಮಾರು 4 ಮೀಟರ್‌ನಿಂದ 8 ಮೀಟರ್‌ನೊಳಗೆ ಇರುವುದು ಅನುಕೂಲಕರ. ಆ ದಾರಿಗೆ ಅಡ್ಡವಾಗಿ ಚೀಲ, ಡಬ್ಬ, ಸ್ಟೂಲುಗಳನ್ನು ಇಡಬಾರದು.

ಈಗಾಗಲೇ ಕಟ್ಟಿರುವ ಮನೆಯಲ್ಲಿ ಒಲೆ ಮತ್ತು ಸಿಂಕಿನ ಜಾಗ ಬದಲಿಸುವುದು ಕಷ್ಟ. ಆದರೆ ಉಳಿದ ವಸ್ತುಗಳನ್ನು ಕೆಲಸಕ್ಕೆ ತಕ್ಕಂತೆ ಗುಂಪುಗೂಡಿಸಲು ಯಾವ ಖರ್ಚೂ ಇಲ್ಲ. ಎಣ್ಣೆ, ಉಪ್ಪು, ಸೌಟು, ಸಟ್ಟುಗ, ಇಕ್ಕಳ ಮತ್ತು ಮಸಿಬಟ್ಟೆ ಒಲೆಯ ಬಳಿ ಇರಬೇಕು. ಚಾಕು, ಈಳಿಗೆಮಣೆ, ಜರಡಿ ಮತ್ತು ತರಕಾರಿ ಬುಟ್ಟಿ ಹೆಚ್ಚುವ ಜಾಗದ ಬಳಿ ಇರಬೇಕು. ತೊಳೆಯುವ ಪುಡಿ, ನಾರು ಮತ್ತು ಪಾತ್ರೆ ಒಣಗುವ ಬುಟ್ಟಿಗೆ ಸಿಂಕಿನ ಪಕ್ಕವೇ ಸ್ಥಳ.

ಕನ್ನಡಿಗರ ಮನೆಗಳಲ್ಲಿ ರೂಢಿಯಲ್ಲಿರುವ ಒಗ್ಗರಣೆ ಡಬ್ಬಿ ಈ ತತ್ತ್ವಕ್ಕೆ ಉತ್ತಮ ನಿದರ್ಶನ. ದುಂಡನೆಯ ಒಂದೇ ಡಬ್ಬಿಯೊಳಗೆ ಸಾಸಿವೆ, ಜೀರಿಗೆ, ಉದ್ದಿನಬೇಳೆ, ಕಡಲೆಬೇಳೆ, ಮೆಂತ್ಯ, ಅರಿಸಿನ, ಒಣಮೆಣಸಿನಕಾಯಿ ಮುಂತಾದವು ಸಣ್ಣ ಬಟ್ಟಲುಗಳಲ್ಲಿರುತ್ತವೆ. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಬಳಿಕ ಮುಂದಿನ ವಸ್ತು ಹುಡುಕಲು ಕೆಲವೇ ಕ್ಷಣಗಳಿದ್ದು, ತಡವಾದರೆ ಒಗ್ಗರಣೆ ಸೀದುಹೋಗುತ್ತದೆ. ಒಟ್ಟಿಗೆ ಬಳಸುವ ವಸ್ತುಗಳನ್ನು ಒಟ್ಟಿಗೆ ಇಡುವುದರಿಂದ ಈ ತೊಡಕು ನಿವಾರಣೆಯಾಗುತ್ತದೆ. ಕಾಫಿ, ಚಹಾಪುಡಿ, ಸಕ್ಕರೆ ಮತ್ತು ಸೋಸಣಿಗೆಗಳನ್ನು ಒಂದೇ ತಟ್ಟೆಯಲ್ಲಿ ಇಡುವುದು, ರೊಟ್ಟಿ ಅಥವಾ ಚಪಾತಿಯ ಮಣೆ, ಲಟ್ಟಣಿಗೆ ಮತ್ತು ಹೆಂಚನ್ನು ಒಂದೆಡೆ ಇಡುವುದು ಇದೇ ಬಗೆಯ ಕ್ರಮ.

ನಿತ್ಯ ಬಳಸುವ ವಸ್ತುಗಳು ಸೊಂಟ ಮತ್ತು ಭುಜದ ನಡುವಣ ಎತ್ತರದಲ್ಲಿಯೂ, ಭಾರವಾದ ಪಾತ್ರೆಗಳು ಕೆಳಗಿನ ಅರೆಗಳಲ್ಲಿಯೂ, ಹಬ್ಬ ಮತ್ತು ಸಮಾರಂಭಗಳ ಪಾತ್ರೆಗಳು ಅಟ್ಟದಲ್ಲಿಯೂ ಇರುವುದು ಸೂಕ್ತ. ಬಿಸಿನೀರು, ಎಣ್ಣೆ ಮತ್ತು ಗಾಜಿನ ಜಾಡಿಗಳನ್ನು ತಲೆಗಿಂತ ಎತ್ತರದ ಜಾಗದಲ್ಲಿ ಇಡಬಾರದು.

ದಿನಸಿ ಸಂಗ್ರಹ

ಧಾನ್ಯ ಮತ್ತು ಬೇಳೆಗಳು ಕೆಡಲು ತೇವ ಮತ್ತು ಕೀಟಗಳು ಮುಖ್ಯ ಕಾರಣ. ತಂದ ದಿನಸಿಯನ್ನು ಮೊರದಲ್ಲಿ ಕೇರಿ, ಅಗತ್ಯವಿದ್ದರೆ ಬಿಸಿಲಿಗೆ ಒಣಗಿಸಿ, ಸಂಪೂರ್ಣ ತಣ್ಣಗಾದ ಮೇಲೆ ಬಿಗಿಯಾದ ಮುಚ್ಚಳದ ಡಬ್ಬದಲ್ಲಿ ತುಂಬಲಾಗುತ್ತದೆ. ಬಿಸಿ ಆರುವ ಮುನ್ನ ಮುಚ್ಚಿದರೆ ಒಳಗೆ ಹಬೆ ನೀರಾಗಿ ಬೂಷ್ಟು ಹಿಡಿಯುತ್ತದೆ. ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ಅಕ್ಕಿಯ ಡಬ್ಬದಲ್ಲಿ ಒಣಗಿದ ಬೇವಿನ ಎಲೆ ಇಡುವುದು, ರವೆಯನ್ನು ಹದವಾಗಿ ಹುರಿದಿಡುವುದು ಪರಂಪರೆಯಿಂದ ಬಂದ ವಿಧಾನಗಳು. ರಾಗಿಯ ಕಾಳು ಕೀಟಬಾಧೆಯನ್ನು ಸಹಿಸಿ ದೀರ್ಘಕಾಲ ಉಳಿಯುತ್ತದೆ, ಆದರೆ ಹಿಟ್ಟಾದ ಮೇಲೆ ಅದರ ಬಾಳಿಕೆ ಕುಗ್ಗುತ್ತದೆ. ಆದ್ದರಿಂದ ಹಿಟ್ಟುಗಳನ್ನು ಸ್ವಲ್ಪ ಪ್ರಮಾಣದಲ್ಲಿ ಬೀಸಿಸಿಕೊಳ್ಳುವುದು ಲೇಸು.

ಹೊಸ ದಿನಸಿಯನ್ನು ಹಳೆಯದರ ಮೇಲೆ ಸುರಿಯುವುದರಿಂದ ತಳದಲ್ಲಿರುವುದು ತಿಂಗಳುಗಟ್ಟಲೆ ಉಳಿದು, ಅದರಲ್ಲಿನ ಹುಳು ಹೊಸದಕ್ಕೂ ಹರಡುತ್ತದೆ. ಹಳೆಯದನ್ನು ಖಾಲಿ ಮಾಡಿ, ಡಬ್ಬ ತೊಳೆದು ಒಣಗಿಸಿ, ಬಳಿಕ ಹೊಸದನ್ನು ತುಂಬಬೇಕು. ಡಬ್ಬಗಳಿಗೆ ಹೆಸರಿನ ಜೊತೆಗೆ ತುಂಬಿದ ದಿನಾಂಕವನ್ನೂ ಅಂಟಿಸುವುದರಿಂದ ಮನೆಯ ಎಲ್ಲರಿಗೂ ಅನುಕೂಲ. ಪಾರದರ್ಶಕ ಡಬ್ಬಗಳಲ್ಲಿ ಉಳಿದ ಪ್ರಮಾಣ ಕಣ್ಣಿಗೆ ಕಾಣುವುದರಿಂದ ಇರುವುದನ್ನೇ ಮತ್ತೆ ಕೊಳ್ಳುವ ದುಂದು ತಪ್ಪುತ್ತದೆ.

ಬೂಷ್ಟು ಹಿಡಿದ ಕಡಲೆಕಾಯಿ ಮತ್ತು ಮೆಕ್ಕೆಜೋಳದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಉಂಟಾಗಬಹುದು. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು ಮತ್ತು ಸಾಮಾನ್ಯ ಅಡುಗೆಯ ಶಾಖದಿಂದ ಪೂರ್ಣವಾಗಿ ನಾಶವಾಗುವುದಿಲ್ಲ. ಅಂಥ ಕಾಳುಗಳನ್ನು ತೊಳೆದು ಬಳಸದೆ ಎಸೆಯಬೇಕು.

ಆಲೂಗಡ್ಡೆಯನ್ನು ಕತ್ತಲೆಯ, ಗಾಳಿಯಾಡುವ ಸ್ಥಳದಲ್ಲಿ ಇಡಬೇಕು. ಬೆಳಕು ಬಿದ್ದು ಹಸಿರಾದ ಭಾಗದಲ್ಲಿ ಸೋಲನಿನ್ ಎಂಬ ವಿಷಕಾರಿ ಅಂಶ ಹೆಚ್ಚುತ್ತದೆ. ಈರುಳ್ಳಿಯನ್ನು ಅದರಿಂದ ಬೇರೆಯಾಗಿ, ತಂತಿಯ ಬುಟ್ಟಿಯಲ್ಲಿ ಹರಡಿ ಇಡುವುದು ಒಳಿತು. ಉಪ್ಪು ಮತ್ತು ಹುಳಿ ಲೋಹವನ್ನು ಸವೆಸುವುದರಿಂದ ಉಪ್ಪಿನಕಾಯಿಗೆ ಪಿಂಗಾಣಿ ಭರಣಿ ಅಥವಾ ಗಾಜಿನ ಜಾಡಿ ತಕ್ಕುದು. ಕಲಾಯಿ ಮಾಡಿಸದ ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳಲ್ಲಿ ಹುಳಿ ಪದಾರ್ಥಗಳನ್ನು ಇಡಬಾರದು.

ಫ್ರಿಜ್ ಮತ್ತು ಉಳಿದ ಆಹಾರ

ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಸುರಕ್ಷಿತ ಆಹಾರಕ್ಕಾಗಿ ಐದು ಸೂತ್ರಗಳನ್ನು ಪ್ರಕಟಿಸಿತು: ಶುಚಿತ್ವ ಕಾಪಾಡುವುದು, ಹಸಿ ಮತ್ತು ಬೇಯಿಸಿದ ಆಹಾರವನ್ನು ಬೇರ್ಪಡಿಸುವುದು, ಚೆನ್ನಾಗಿ ಬೇಯಿಸುವುದು, ಸುರಕ್ಷಿತ ತಾಪಮಾನದಲ್ಲಿ ಇಡುವುದು, ಶುದ್ಧ ನೀರು ಮತ್ತು ಸಾಮಗ್ರಿ ಬಳಸುವುದು. ಇದರಂತೆ ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಕಾಲ ಬಿಡಬಾರದು. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅಥವಾ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಟ್ಟರೆ ರೋಗಾಣುಗಳ ಬೆಳವಣಿಗೆ ನಿಧಾನವಾಗುತ್ತದೆ ಇಲ್ಲವೇ ನಿಲ್ಲುತ್ತದೆ.

ಅನ್ನವೇ ಮುಖ್ಯ ಆಹಾರವಾಗಿರುವ ಮನೆಗಳಿಗೆ ಈ ಸೂಚನೆ ವಿಶೇಷವಾಗಿ ಅನ್ವಯಿಸುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯುವಾಗಲೂ ಬದುಕುಳಿಯಬಲ್ಲವು. ಅನ್ನ ಹೊರಗೆ ಬಹಳ ಹೊತ್ತು ಉಳಿದರೆ ಅವು ಬೆಳೆದು ವಿಷ ಉತ್ಪಾದಿಸುತ್ತವೆ. ವಾಂತಿ ಉಂಟುಮಾಡುವ ಈ ವಿಷವು ಮರುದಿನ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಚಿತ್ರಾನ್ನಕ್ಕೋ ಮೊಸರನ್ನಕ್ಕೋ ಉಳಿಸುವ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್‌ನಲ್ಲಿ ಇಡಬೇಕು.

ಫ್ರಿಜ್‌ನೊಳಗೆ ಬೇಯಿಸಿದ ಆಹಾರ ಮೇಲಿನ ಅರೆಯಲ್ಲಿಯೂ, ಹಸಿ ಮೀನು ಮತ್ತು ಮಾಂಸ ಮುಚ್ಚಿದ ಪಾತ್ರೆಯಲ್ಲಿ ಕೆಳಗಿನ ಅರೆಯಲ್ಲಿಯೂ ಇರಬೇಕು. ಇದರಿಂದ ಹಸಿ ಪದಾರ್ಥದ ನೀರು ಇತರ ಆಹಾರದ ಮೇಲೆ ತೊಟ್ಟಿಕ್ಕುವುದಿಲ್ಲ. ಮೊದಲು ಮುಗಿಸಬೇಕಾದ ಪಾತ್ರೆಗಳನ್ನು ಮುಂಭಾಗದಲ್ಲಿ ಇಡುವುದು ವ್ಯರ್ಥವನ್ನು ತಪ್ಪಿಸುವ ಸರಳ ಉಪಾಯ. ಒಳಗೆ ಗಾಳಿ ಸುಳಿದಾಡಲು ಅವಕಾಶವಿಲ್ಲದಂತೆ ತುಂಬಿದರೆ ತಂಪು ಸಮವಾಗಿ ಹರಡುವುದಿಲ್ಲ.

ನಿತ್ಯದ ಶುಚಿತ್ವ ಮತ್ತು ಕಸ

ಅಡುಗೆ ನಡೆಯುತ್ತಿರುವಾಗಲೇ ಬಳಸಿದ ಪಾತ್ರೆಯನ್ನು ನೀರಿಗೆ ಹಾಕುವುದು, ಚೆಲ್ಲಿದ್ದನ್ನು ಕೂಡಲೇ ಒರೆಸುವುದು, ಡಬ್ಬಗಳನ್ನು ಮುಚ್ಚಿ ಸ್ವಸ್ಥಾನಕ್ಕೆ ಸೇರಿಸುವುದು ಓರಣವನ್ನು ಉಳಿಸುವ ಅತಿ ಸುಲಭದ ಅಭ್ಯಾಸ. ರಾತ್ರಿ ಮಲಗುವ ಮುನ್ನ ಸಿಂಕನ್ನು ಖಾಲಿ ಮಾಡಿ, ಅಡುಗೆ ಕಟ್ಟೆಯನ್ನು ಒರೆಸಿ, ಎಂಜಲನ್ನು ಹೊರಹಾಕಿದರೆ ಜಿರಳೆ, ಇರುವೆ ಮತ್ತು ಇಲಿಗಳಿಗೆ ಆಹಾರ ಹಾಗೂ ನೀರು ದೊರೆಯುವುದಿಲ್ಲ. ಒರೆಸುವ ಬಟ್ಟೆ ಮತ್ತು ಸ್ಪಂಜು ಸದಾ ಒದ್ದೆಯಾಗಿದ್ದರೆ ರೋಗಾಣುಗಳ ನೆಲೆಯಾಗುತ್ತವೆ. ಅವುಗಳನ್ನು ಹಿಂಡಿ, ಬಿಸಿಲಿನಲ್ಲಿ ಒಣಗಿಸಿ, ಆಗಾಗ ಬದಲಿಸಬೇಕು. ಕೈ ಒರೆಸುವ, ಪಾತ್ರೆ ಒರೆಸುವ ಮತ್ತು ಕಟ್ಟೆ ಒರೆಸುವ ಬಟ್ಟೆಗಳು ಬೇರೆ ಬೇರೆಯಾಗಿರಬೇಕು. ಮಾಂಸ ಕತ್ತರಿಸುವ ಹಲಗೆಯಲ್ಲಿ ಹಸಿ ಸೊಪ್ಪು, ಹಣ್ಣುಗಳನ್ನು ಹೆಚ್ಚಬಾರದು.

ಭಾರತ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಕಸವನ್ನು ಹಸಿ ಕಸ, ಒಣ ಕಸ ಮತ್ತು ಅಪಾಯಕಾರಿ ಕಸ ಎಂದು ಮೂರಾಗಿ ವಿಂಗಡಿಸಲು ವಿಧಿಸಿದವು. ಸಿಪ್ಪೆ ಮತ್ತು ಎಂಜಲಿಗೆ ಮುಚ್ಚಳವಿರುವ ಬುಟ್ಟಿಯನ್ನೂ, ತೊಳೆದ ಹಾಲಿನ ಪ್ಯಾಕೆಟ್ ಮತ್ತು ಕಾಗದಕ್ಕೆ ಪ್ರತ್ಯೇಕ ಚೀಲವನ್ನೂ ಇಟ್ಟರೆ ದುರ್ವಾಸನೆ ಕಡಿಮೆಯಾಗುತ್ತದೆ ಮತ್ತು ಹಸಿ ಕಸವನ್ನು ಗೊಬ್ಬರ ಮಾಡಲು ಸಾಧ್ಯವಾಗುತ್ತದೆ.

ಸುರಕ್ಷತೆ

ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಆದ ಕಾರಣ ಸಿಲಿಂಡರನ್ನು ಗಾಳಿಯಾಡುವ ಸ್ಥಳದಲ್ಲಿ ನೆಟ್ಟಗೆ ನಿಲ್ಲಿಸಬೇಕು ಮತ್ತು ಒಲೆಯು ಅದಕ್ಕಿಂತ ಎತ್ತರದಲ್ಲಿರಬೇಕು. ಸಿಲಿಂಡರಿನ ಸುತ್ತ ಹಳೆಯ ಕಾಗದ, ಚೀಲ, ಸೀಮೆಎಣ್ಣೆ ಇತ್ಯಾದಿಗಳನ್ನು ತುರುಕಬಾರದು. ಅನಿಲದ ವಾಸನೆ ಬಂದಾಗ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ವಿದ್ಯುತ್ ಸ್ವಿಚ್ಚುಗಳನ್ನು ಮುಟ್ಟದೆ ಹೊರಬಂದು, ತುರ್ತು ಸಂಖ್ಯೆ 1906ಕ್ಕೆ ಕರೆ ಮಾಡಬೇಕು.

ಕೀಟನಾಶಕ, ಫಿನಾಯಿಲ್, ಆಸಿಡ್ ಮುಂತಾದವುಗಳಿಗೆ ಅಡುಗೆಮನೆಯಲ್ಲಿ ಸ್ಥಳವಿರಬಾರದು. ಅವುಗಳನ್ನು ನೀರಿನ ಅಥವಾ ತಂಪುಪಾನೀಯದ ಬಾಟಲಿಗೆ ತುಂಬುವುದು, ಅವುಗಳ ಖಾಲಿ ಡಬ್ಬವನ್ನು ತೊಳೆದು ಆಹಾರಕ್ಕೆ ಬಳಸುವುದು ಎರಡೂ ಪ್ರಾಣಾಪಾಯಕಾರಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಬಿಸಿಯೂಟ ಸೇವಿಸಿ 23 ಮಕ್ಕಳು ಮೃತಪಟ್ಟರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತಿದ್ದುದು ಪರೀಕ್ಷೆಯಲ್ಲಿ ಕಂಡುಬಂತು. ವಿಷವನ್ನೂ ಆಹಾರವನ್ನೂ ಬೇರೆ ಬೇರೆ ಸ್ಥಳದಲ್ಲಿ, ಬೇರೆ ಬೇರೆ ಪಾತ್ರೆಯಲ್ಲಿ ಇಡುವುದು ಅಡುಗೆಮನೆಯ ಓರಣದ ಅತ್ಯಂತ ಕಟ್ಟುನಿಟ್ಟಿನ ನಿಯಮ. ಮಕ್ಕಳಿರುವ ಮನೆಗಳಲ್ಲಿ ಚಾಕು, ಈಳಿಗೆಮಣೆ ಮತ್ತು ಬೆಂಕಿಪೊಟ್ಟಣ ಅವರ ಕೈಗೆಟುಕದಂತಿರಬೇಕು. ಒಲೆಯ ಮೇಲಿನ ಬಾಣಲೆಯ ಹಿಡಿಯನ್ನು ಒಳಮುಖವಾಗಿ ತಿರುಗಿಸಿಡಬೇಕು.

ಕೆಲಸದ ಹಂಚಿಕೆ

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ವೇತನರಹಿತ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಪುರುಷರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಿದ್ದರು. ಅಡುಗೆಮನೆಯ ಸುಧಾರಣೆಯ ಪ್ರಯತ್ನಗಳು ಮಹಿಳೆಯ ಶ್ರಮವನ್ನು ತಗ್ಗಿಸಲು ಹೊರಟರೂ ಆ ಶ್ರಮ ಅವಳದೇ ಎಂಬ ಗ್ರಹಿಕೆಯನ್ನು ಪ್ರಶ್ನಿಸಲಿಲ್ಲ ಎಂಬ ಟೀಕೆ ಇದೆ. ಫ್ರಾಂಕ್‌ಫರ್ಟ್ ಅಡುಗೆಮನೆಯು ಒಬ್ಬರೇ ನಿಂತು ಕೆಲಸ ಮಾಡುವಷ್ಟು ಕಿರಿದಾಗಿದ್ದು, ಗೃಹಿಣಿಯನ್ನು ಮನೆಯ ಉಳಿದವರಿಂದ ಪ್ರತ್ಯೇಕಿಸಿತು ಎಂದು ನಂತರದ ಸ್ತ್ರೀವಾದಿಗಳು ಆಕ್ಷೇಪಿಸಿದರು.

ವಸ್ತುಗಳ ಸ್ಥಳವು ಒಬ್ಬರ ನೆನಪಿನಲ್ಲಿ ಮಾತ್ರ ಇದ್ದರೆ ಅಡುಗೆಮನೆ ಅವರೊಬ್ಬರನ್ನೇ ಅವಲಂಬಿಸುತ್ತದೆ. ಅವರು ಊರಿಗೆ ಹೋದಾಗ ಅಥವಾ ಕಾಯಿಲೆ ಬಿದ್ದಾಗ ಉಳಿದವರಿಗೆ ಉಪ್ಪಿನ ಡಬ್ಬವೂ ಸಿಗುವುದಿಲ್ಲ. ಡಬ್ಬಗಳ ಮೇಲಿನ ಹೆಸರು, ಗೋಡೆಗೆ ತೂಗುಹಾಕಿದ ದಿನಸಿ ಪಟ್ಟಿ, ಎಲ್ಲರಿಗೂ ತಿಳಿದಿರುವ ಸ್ಥಳನಿಗದಿ ಇವು ಮನೆಯ ಯಾರೇ ಆದರೂ ಅಡುಗೆ ಮಾಡಲು, ತೆರವುಗೊಳಿಸಲು ನೆರವಾಗುತ್ತವೆ. ಓರಣವನ್ನು ಉಳಿಸಿಕೊಳ್ಳುವ ಹೊಣೆಯೂ ಇದರಿಂದ ಮನೆಮಂದಿಯಲ್ಲಿ ಹಂಚಿಕೆಯಾಗುತ್ತದೆ.